ಚುಕ್ಕಿ ಅಪ್ಪನಿಗೆ ಕೊಡಿಸಿದ ಕೆಲಸ

ಚುಕ್ಕಿ ತೀರಿಕೊಂಡು ಏಳು ತಿಂಗಳಾಯಿತು. ಮೂವತ್ತು ತುಂಬಿರಲಿಲ್ಲ. ಅಷ್ಟು ಸಂಬಳದ ಕೆಲಸವೇ ಅವಳನ್ನು ತಿಂದುಹಾಕಿತು ಎನ್ನುವವರಿದ್ದಾರೆ. ವೈದ್ಯರು ಹಾಗೆ ಹೇಳಲಿಲ್ಲ. ಹುಟ್ಟಿನಿಂದಲೇ ತೆಳ್ಳಗಿದ್ದ ಮಿದುಳಿನ ಒಂದು ರಕ್ತನಾಳ ಒಂದು ಬೆಳಿಗ್ಗೆ ಒಡೆಯಿತು, ಅಷ್ಟೇ. ಆ ಸಂಬಳ ಅವಳಿಗೆ ಮಾಡಿದ್ದು ಬೇರೆಯದೇ. ಅದನ್ನು ಬರೆದಿಡಬೇಕು. ಯಾಕೆಂದರೆ ಸಾವಿನ ಮನೆಗೆ ಬಂದವರು ಸಂಬಳ ಎಷ್ಟಿತ್ತು ಎಂಬುದನ್ನು ಬಿಟ್ಟು ಅವಳ ಬಗ್ಗೆ ಬೇರೇನನ್ನೂ ಹೆಚ್ಚಿಗೆ ಮಾತಾಡಲಿಲ್ಲ.

ಚುಕ್ಕಿ ಎಂಬುದು ದಾಖಲೆಯಲ್ಲಿದ್ದ ಹೆಸರಲ್ಲ. ಅವಳ ಅಪ್ಪ ಒಂದು ಅಚ್ಚುಕೂಟದಲ್ಲಿ ಪ್ರೂಫ್ ನೋಡುತ್ತಿದ್ದರು. ರೈಲಿನ ವೇಳಾಪಟ್ಟಿ, ಪರೀಕ್ಷೆಯ ಫಲಿತಾಂಶ, ಗಣಿತದ ಕೋಷ್ಟಕ, ಹೀಗೆ ಬರೀ ಅಂಕಿಗಳಿದ್ದದ್ದೆಲ್ಲ ಅವರ ಮೇಜಿಗೇ ಬರುತ್ತಿತ್ತು. ಪ್ರೂಫ್ ನೋಡಲು ಇಬ್ಬರು ಬೇಕು. ಒಬ್ಬರು ಮೂಲ ಪ್ರತಿಯನ್ನು ಗಟ್ಟಿಯಾಗಿ ಓದುತ್ತಾ ಹೋಗಬೇಕು, ಇನ್ನೊಬ್ಬರು ಅಚ್ಚಾದ ಹಾಳೆಯ ಮೇಲೆ ಕಣ್ಣಿಟ್ಟು ತಿದ್ದುತ್ತಾ ಹೋಗಬೇಕು. ಓದುವವನು ರಜೆ ಹಾಕಿದರೆ ಅಪ್ಪ ಹಾಳೆಗಳನ್ನು ಸುತ್ತಿಕೊಂಡು ಮನೆಗೆ ತರುತ್ತಿದ್ದರು. ಏಳು ವರ್ಷದ ಮಗಳು ಎದುರಿಗೆ ಕಾಲು ಮಡಚಿ ಕೂತು ಓದುತ್ತಿದ್ದಳು: "ಆರು ಚುಕ್ಕಿ ನಲವತ್ತು, ಅಲ್ಪವಿರಾಮ, ಏಳು ಚುಕ್ಕಿ ಐದು, ಚುಕ್ಕಿ." ಅಚ್ಚುಕೂಟದವರು ಇದನ್ನು ಕೇಳಿ ನಕ್ಕು ಆ ಹೆಸರಿಟ್ಟರು.

"ಅರ್ಥ ಹುಡುಕ್ಕೊಂಡು ಓದ್ಬೇಡ ಕಣೇ," ಎನ್ನುತ್ತಿದ್ದರು ಅಪ್ಪ. "ಅರ್ಥ ಆಗೋಕೆ ಶುರುವಾದ್ರೆ ತಪ್ಪು ಕಾಣಲ್ಲ."

ಮುಗಿದ ಮೇಲೆ ಹಾಳೆಯ ಕೆಳಗೆ ಇಬ್ಬರೂ ಸಹಿ ಹಾಕಬೇಕು: ಓದಿದವರು, ತಿದ್ದಿದವರು. ಸಹಿಯಿಲ್ಲದ ಪ್ರೂಫು ಪ್ರೂಫೇ ಅಲ್ಲ. ಲೇಖಕರನ್ನು ಏನಾದರೂ ಕೇಳಬೇಕಾಗಿ ಬಂದರೆ ಒಂದು ಚೀಟಿಯಲ್ಲಿ ಬರೆದು ಆ ಪುಟಕ್ಕೆ ಗುಂಡುಸೂಜಿಯಿಂದ ಸಿಕ್ಕಿಸುತ್ತಿದ್ದರು. ಮಗಳು ಕಾಲೇಜು ಮುಗಿಸುವ ಹೊತ್ತಿಗೆ ರೈಲಿನ ವೇಳಾಪಟ್ಟಿಯನ್ನು ಜನ ಫೋನಿನಲ್ಲೇ ನೋಡತೊಡಗಿದ್ದರು. ಅಚ್ಚುಕೂಟ ಮುಚ್ಚಿತು. ಅಪ್ಪನಿಗೆ ಆಗ ಐವತ್ತೇಳು.

ಚುಕ್ಕಿಗೆ ಹಣಕಾಸು ಸಂಸ್ಥೆಯಿಂದ ಕೆಲಸದ ಪತ್ರ ಬಂದದ್ದು ಅದೇ ವರ್ಷ. ಅಪ್ಪ ಕನ್ನಡಕ ಒರೆಸಿಕೊಂಡು ಓದಿದರು. ಒಂದು ಕಡೆ ಕೆಂಪು ಪೆನ್ಸಿಲಿನಿಂದ ಸುತ್ತು ಹಾಕಿ ಅಂಚಿನಲ್ಲಿ ಪ್ರಶ್ನೆ ಚಿಹ್ನೆ ಬರೆದರು.

"ಇಲ್ಲೊಂದು ಸೊನ್ನೆ ಜಾಸ್ತಿ ಬಿದ್ದಿದೆ. ತಿಂಗಳಿಗೆ ಅಂತಾನೂ ಹಾಕಿದ್ದಾರೆ, ವರ್ಷಕ್ಕೆ ಅಂತ ಇರ್ಬೇಕು. ಸಹಿ ಹಾಕೋ ಮುಂಚೆ ಕೇಳಿಬಿಡು. ಆಮೇಲೆ ನಿನ್ ತಲೆಗೇ ಬರುತ್ತೆ."

ಚುಕ್ಕಿ ನಿಜವಾಗಿಯೂ ಕೇಳಿದಳು. ಮೊದಲ ದಿನ ಸಿಬ್ಬಂದಿ ವಿಭಾಗದ ಹೆಂಗಸು ಕೆಮ್ಮು ಬರುವವರೆಗೂ ನಕ್ಕಳು. "ಕಡಿಮೆಯಾಯ್ತು ಅಂತ ಜಗಳಕ್ಕೆ ಬಂದವರನ್ನ ನೋಡಿದ್ದೀನಿ. ಜಾಸ್ತಿಯಾಯ್ತು ಅಂತ ಬಂದವಳು ನೀನೊಬ್ಬಳೇ ತಾಯಿ."

ಸಂಬಳ ಅಪ್ಪನ ಕೊನೆಯ ತಿಂಗಳ ಸಂಬಳದ ಹದಿನಾಲ್ಕು ಪಟ್ಟಿತ್ತು. ಮೊದಲ ಸಲ ಖಾತೆಗೆ ಬಿದ್ದಾಗ ಅವಳು ಆಫೀಸಿನ ಶೌಚಾಲಯದ ಬಾಗಿಲು ಹಾಕಿಕೊಂಡು ಫೋನನ್ನು ಮೂರು ಸಲ ತೆರೆದು ನೋಡಿದಳು. ಸಂತೋಷಕ್ಕಿಂತ ಹೆಚ್ಚಾಗಿ, ಯಾರದೋ ಪೆಟ್ಟಿಗೆ ತನ್ನ ಹತ್ತಿರ ಉಳಿದುಬಿಟ್ಟಂತಾಯಿತು. ಜೊತೆಗೆ ಸೇರಿದವರು ಒಂದೇ ವಾರದಲ್ಲಿ ಅದಕ್ಕೆ ಒಗ್ಗಿಹೋದರು. ಮಧ್ಯಾಹ್ನದ ಒಂದು ಊಟಕ್ಕೆ ಅವರು ಕೊಡುತ್ತಿದ್ದ ದುಡ್ಡಿನಲ್ಲಿ ಚುಕ್ಕಿಯ ಮನೆಗೆ ವಾರದ ತರಕಾರಿ ಬರುತ್ತಿತ್ತು. ಅವಳೂ ಹೋಗುತ್ತಿದ್ದಳು. ಹೋಗದಿದ್ದರೆ ಪಕ್ಕದ ಮೇಜಿನ ಉದ್ದಣ್ಣ ಬಿಡುತ್ತಿರಲಿಲ್ಲ.

"ದುಡ್ಡು ಮೊಟ್ಟೆ ಇಡುತ್ತಾ ಅಂತ ಕಾಯ್ತಿದ್ದೀಯೇನೆ? ಏಳು, ಹೊಟ್ಟೆ ಹಸೀತಿದೆ."

ಕೆಲಸ ಕಷ್ಟದ್ದು. ಮಾರಾಟಕ್ಕಿರುವ ಕಂಪನಿಗಳಿಗೂ ಕೊಳ್ಳುವವರಿಗೂ ನಡುವೆ ನಿಂತು ವ್ಯವಹಾರ ಕುದುರಿಸುವ ಸಂಸ್ಥೆ ಅದು. ಒಂದೊಂದು ಕಂಪನಿಯ ಬಗ್ಗೆಯೂ ನೂರಿಪ್ಪತ್ತು ಪುಟದ ಮಾಹಿತಿ ಪುಸ್ತಿಕೆ ತಯಾರಾಗುತ್ತಿತ್ತು. ಅದರ ಪ್ರತಿಯೊಂದು ಅಂಕಿಯನ್ನೂ ಮೂಲ ಲೆಕ್ಕದೊಂದಿಗೆ ತಾಳೆ ನೋಡಿ ಕೆಂಪು ಪೆನ್ನಿನಲ್ಲಿ ಟಿಕ್ ಹಾಕುವುದು ಹೊಸಬರ ಪಾಲಿನ ಕೆಲಸ. ಗುಟ್ಟು ಕಾಯಲು ಕಂಪನಿಯ ನಿಜವಾದ ಹೆಸರಿನ ಬದಲು ಕೊಕ್ಕರೆ, ಮುಂಗುಸಿ, ಆಮೆ ಎಂದೇನಾದರೂ ಹಾಕಿರುತ್ತಿದ್ದರು. ಪ್ರತಿಗಳಿಗೆ ನಂಬರಿರುತ್ತಿತ್ತು. ಅವು ಕಟ್ಟಡ ಬಿಟ್ಟು ಹೋಗುವಂತಿರಲಿಲ್ಲ. ಮುಗಿದ ಮೇಲೆ ಕಾಗದ ಚೂರು ಮಾಡುವ ಪೆಟ್ಟಿಗೆಗೆ ಬೀಳಬೇಕು. ದಿನಕ್ಕೆ ಹದಿಮೂರು ಗಂಟೆ ಕೆಲಸ, ಶನಿವಾರವೂ ಇತ್ತು. ತಂಡದ ಮುಖ್ಯಸ್ಥೆಯನ್ನು ಎಲ್ಲರೂ ಬೆನ್ನ ಹಿಂದೆ ದೊಡ್ಡಕ್ಕ ಎನ್ನುತ್ತಿದ್ದರು. ಆಕೆಗೆ ಒಂದು ಅಂಕಿ ಹೆಚ್ಚುಕಮ್ಮಿಯಾದರೂ ಇಡೀ ಪುಸ್ತಿಕೆಯನ್ನು ಮೇಜಿನ ಮೇಲೆ ಕುಕ್ಕುವ ಅಭ್ಯಾಸ.

ಇದೆಲ್ಲ ಚುಕ್ಕಿಗೆ ಬರುತ್ತಿದ್ದದ್ದೇ. ನಿಭಾಯಿಸಲು ಬಾರದೆ ಹೋದದ್ದು ತಿಂಗಳ ಮೊದಲ ದಿನ, ಸಂಬಳ ಬಂದಾಗ. ಅವಳು ದುಡ್ಡು ತಂದು ಅಪ್ಪನ ಮುಂದಿಟ್ಟಳು. ಅಪ್ಪ ಅದನ್ನು ಮುಟ್ಟಲಿಲ್ಲ.

"ಬ್ಯಾಂಕಲ್ಲಿಡು. ಮುಂದೆ ನಿಂಗೇ ಬೇಕಾಗುತ್ತೆ. ಬಾಡಿಗೆ ಕಟ್ಟೋಕೆ ನಾನಿದ್ದೀನಿ."

ಬಾಡಿಗೆ ಹೋಗುತ್ತಿದ್ದದ್ದು ಅಚ್ಚುಕೂಟ ಮುಚ್ಚುವಾಗ ಕೈಗೆ ಬಂದ ಗಂಟಿನಿಂದ. ಅದು ಕರಗುತ್ತಿತ್ತು. ಅಮ್ಮನಿಗೆ ಅಂಥ ಸಂಕೋಚವೇನೂ ಇರಲಿಲ್ಲ. "ಇಲ್ಲಿ ಕೊಡು ನಂಗೆ. ಒಂಬತ್ತು ತಿಂಗಳು ಹೊತ್ತಿದ್ದೀನಲ್ಲ, ಅದರ ಬಾಡಿಗೆ ಅಂತ ತಿಳ್ಕೊತೀನಿ," ಎಂದು ಸೆರಗಿನಲ್ಲಿ ಕಟ್ಟಿಕೊಂಡಳು. ಆದರೆ ಅಪ್ಪ ಮನೆಗೆ ಬರುತ್ತಿದ್ದ ಪತ್ರಿಕೆ ನಿಲ್ಲಿಸಿದರು. ಬೆಳಿಗ್ಗೆ ಎದ್ದು ಬೀದಿಯ ಕೊನೆಯ ಕ್ಷೌರದಂಗಡಿಗೆ ಹೋಗಿ, ಗಿರಾಕಿಗಳ ನಡುವೆ ಬೆಂಚಿನ ತುದಿಯಲ್ಲಿ ಕೂತು ಓದಿ ಬರುತ್ತಿದ್ದರು. ಕ್ಷೌರದವನು ಒಮ್ಮೆ ತಮಾಷೆಗೆ, "ಯಜಮಾನ್ರೇ, ತಿಂಗಳಿಗೊಂದ್ಸಲ ತಲೆನೂ ಕೊಡಿ, ಬರೀ ಕಣ್ಣು ಕೊಟ್ರೆ ಹೆಂಗೆ?" ಎಂದನಂತೆ. ಅಪ್ಪ ಇದನ್ನು ಮನೆಯಲ್ಲಿ ನಗುತ್ತಲೇ ಹೇಳಿದರು. ಚುಕ್ಕಿಗೆ ಆ ದಿನ ಊಟ ಸೇರಲಿಲ್ಲ.

ಅದೇ ವಾರ ದೊಡ್ಡಕ್ಕ ಒಂದು ಪುಸ್ತಿಕೆಯನ್ನು ಕುಕ್ಕಿ, "ನಿಮಗಿಂತ ಹೊರಗಡೆ ಯಾರಿಗಾದ್ರೂ ದುಡ್ಡು ಕೊಟ್ಟು ಪ್ರೂಫ್ ನೋಡಿಸೋದು ವಾಸಿ," ಎಂದಳು. ಆ ಮಾತನ್ನು ಅಲ್ಲಿಗೇ ಮರೆತಳು. ಚುಕ್ಕಿ ಮರೆಯಲಿಲ್ಲ.

"ಅಪ್ಪ, ನಮ್ಮ ಆಫೀಸಲ್ಲಿ ಪ್ರೂಫ್ ನೋಡೋರು ಬೇಕಂತೆ. ವಾರಕ್ಕೊಂದು ಪುಸ್ತಿಕೆ. ಪುಟಕ್ಕಿಷ್ಟು ಅಂತ ಕೊಡ್ತಾರೆ."

"ಎಷ್ಟು?"

ಅವಳು ಹೇಳಿದಳು. ಅಪ್ಪ ತಲೆಯಾಡಿಸಿದರು. "ಅಷ್ಟು ಯಾರೂ ಕೊಡಲ್ಲ. ಏನೋ ಮೋಸ ಇದೆ."

"ಅವರು ಎಲ್ಲದಕ್ಕೂ ಹಾಗೇ ಕೊಡೋದು ಅಪ್ಪ. ನನ್ನ ಸಂಬಳ ನೋಡಿಲ್ವಾ?"

"ನೀನು ಓದಿದವಳು. ಪ್ರೂಫಿಗೆ ಒಂದು ದರ ಅಂತಿದೆ. ಅವರು ಕೊಡ್ತೀವಿ ಅಂದಿದ್ರಲ್ಲಿ ಅರ್ಧ ಸಾಕು ಅಂತ ಹೇಳು. ಮತ್ತೆ ದುಡ್ಡು ತಗೊಂಡಾಗ ರಸೀದಿಗೆ ಸಹಿ ಹಾಕ್ತೀನಿ, ಅದು ಆಫೀಸಲ್ಲಿರ್ಲಿ."

ತನ್ನ ಜೇಬಿನ ದುಡ್ಡನ್ನು ಅಪ್ಪನಿಗೆ ಕೊಡಲು ಚುಕ್ಕಿ ಅಪ್ಪನೊಂದಿಗೇ ಚೌಕಾಸಿ ಮಾಡಿದಳು. ಅಪ್ಪ ಕೆಳಗೆಳೆದರು, ಅವಳು ಮೇಲೆಳೆದಳು. ಕೊನೆಗೆ ಮುಕ್ಕಾಲಿಗೆ ನಿಂತಿತು.

ಅವಳು ಕಾನೂನು ಗೊತ್ತಿಲ್ಲದ ಹುಡುಗಿಯೇನಲ್ಲ. ಪ್ರತಿ ಹೊರಗೆ ಹೋಗಬಾರದೆಂದು ಚೆನ್ನಾಗಿ ಗೊತ್ತಿತ್ತು. ಆದರೆ ಆ ಮನೆಯಲ್ಲಿ ಪ್ರೂಫನ್ನು ಸುತ್ತಿಕೊಂಡು ತರುವುದೆಂದರೆ ಕೆಲಸದ ಮೇಲಿನ ನಿಷ್ಠೆ. ಕಾಗದದಲ್ಲಿರುವುದು ಕೊಕ್ಕರೆ, ಆಮೆ; ಅಪ್ಪನಿಗೆ ಯಾವ ಕಂಪನಿ ಎಂದೂ ತಿಳಿಯುವುದಿಲ್ಲ, ಅರ್ಥ ಹುಡುಕುವ ಅಭ್ಯಾಸವೂ ಇಲ್ಲ. ಹೀಗೆಲ್ಲ ತನಗೆ ತಾನೇ ಹೇಳಿಕೊಂಡಳು.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಊಟದ ಮೇಜಿಗೆ ಬಂದು ಕೂರತೊಡಗಿದರು. ಚುಕ್ಕಿ ಎದುರಿಗೆ. ಅವಳು ಓದುತ್ತಿದ್ದಳು, ಅವರು ತಿದ್ದುತ್ತಿದ್ದರು. ಲೆಕ್ಕದ ಪುಸ್ತಕದಲ್ಲಿ ನಷ್ಟದ ಅಂಕಿಯನ್ನು ಕಂಸದೊಳಗೆ ಬರೆಯುತ್ತಾರೆಂದು ಅವಳು ಹೇಳಿಕೊಡಲು ಹೋದರೆ, "ಅದೆಲ್ಲ ನಂಗ್ಯಾಕೆ? ಕಂಸ ಇದ್ರೆ ಕಂಸ ಅಂತ ಓದು, ಸಾಕು," ಎಂದರು.

"ಸ್ವಲ್ಪ ಆ ಪಾತ್ರೆ ಸದ್ದು ನಿಲ್ಸೇ, ಆಫೀಸ್ ಕೆಲಸ ನಡೀತಿದೆ," ಎಂದು ಒಳಗೆ ಕೂಗುತ್ತಿದ್ದರು.

"ಓಹೋ! ಆಫೀಸಿನವ್ರಿಗೆ ಕಾಫಿ ಬೇಕೋ, ಅದೂ ಸದ್ದಾಗುತ್ತೋ?" ಎನ್ನುತ್ತಿದ್ದಳು ಅಮ್ಮ.

ಅಮ್ಮನಿಗೆ ಎರಡನೇ ಭಾನುವಾರಕ್ಕೇ ಗೊತ್ತಾಗಿತ್ತು. ಅಪ್ಪನ ಕೈಗೆ ಮೊದಲ ತಿಂಗಳ ದುಡ್ಡು ಬಂದ ಮೇಲೆ, ಬಟ್ಟೆ ಒಣಹಾಕುವಾಗ ಮಗಳನ್ನು ಹಿಡಿದುಕೊಂಡಳು. "ದುಡ್ಡು ನಿಂದೇ ತಾನೇ? ನಂಗೆ ಕಣ್ಣಿಲ್ಲ ಅಂದ್ಕೊಂಡ್ಯಾ? ನೋಡು, ಅವರು ಬಾಡಿಗೆ ಆ ದುಡ್ಡಲ್ಲೇ ಕಟ್ತಿದ್ದಾರೆ, ಮತ್ತೆ ಪೇಪರ್ ಹಾಕಿಸ್ಕೊಂಡಿದ್ದಾರೆ, ಕ್ಷೌರದವನಿಗೆ ಕೆಲಸ ಸಿಕ್ತು ಅಂತ ಹೇಳ್ಕೊಂಡು ಬಂದಿದ್ದಾರೆ. ಗೊತ್ತಾದ ದಿನ ಆ ಮನುಷ್ಯ ಎಲ್ಲಿ ಮುಖ ಇಟ್ಕೊಳ್ಳೋದು ಹೇಳು?"

"ಗೊತ್ತಾಗಲ್ಲಮ್ಮ."

"ಆಗ್ದೇ ಇರೋ ಹಾಗೆ ನೋಡ್ಕೊ. ಆಯ್ತು ಅಂದ್ರೆ ನಾನು ನಿನ್ ಪರ ನಿಲ್ಲಲ್ಲ."

ಅಂದಿನಿಂದ ಚುಕ್ಕಿಗೆ ಇದ್ದದ್ದು ಒಂದೇ ಭಯ. ಕೆಲಸ ಹೋಗಬಹುದು ಎಂಬುದು ಅವಳಿಗೆ ಹೊಳೆಯಲೂ ಇಲ್ಲ. ಅಪ್ಪನಿಗೆ ತಿಳಿಯಬಾರದು, ಅಷ್ಟೇ. ಪ್ರತಿ ಸೋಮವಾರ ಬೇಗ ಹೋಗಿ, ಅಪ್ಪನ ತಿದ್ದುಪಡಿಗಳನ್ನೆಲ್ಲ ಆಫೀಸಿನ ಪ್ರತಿಗೆ ತನ್ನ ಕೈಯಲ್ಲಿ ಇಳಿಸಿ, ಸಹಿ ಮಾಡಿದ ಹಾಳೆಯನ್ನೂ ಚೀಟಿಗಳನ್ನೂ ಕಿತ್ತು, ಉಳಿದದ್ದನ್ನು ಪೆಟ್ಟಿಗೆಗೆ ಹಾಕುತ್ತಿದ್ದಳು. ಹೀಗೆ ಏಳು ತಿಂಗಳು. ಅವಳ ಪುಸ್ತಿಕೆಗಳಲ್ಲಿ ತಪ್ಪು ಸಿಗುವುದಿಲ್ಲ ಎಂದು ಹೆಸರಾಯಿತು. ಭಾನುವಾರಗಳು ಹೋದವು ನಿಜ. ಆದರೆ ಅವು ತನ್ನ ಒಳ್ಳೆಯ ದಿನಗಳೆಂದು ಆಮೇಲೆ ಅವಳೇ ಎಷ್ಟೋ ಸಲ ಹೇಳಿದಳು.

ಒಂದು ಭಾನುವಾರ ಅಪ್ಪನ ಗುಂಡುಸೂಜಿಗಳು ಮುಗಿದಿದ್ದವು. ಒಂದು ಚೀಟಿಯನ್ನು ಅವರು ಅಂಟಿನಿಂದ ಪುಟದ ಹಿಂಬದಿಗೆ ಅಂಟಿಸಿದ್ದರು. ಮರುದಿನ ಆಫೀಸಿನಲ್ಲಿ ಚುಕ್ಕಿ ಸೂಜಿ ಹುಡುಕುತ್ತಾ ಹಾಳೆ ತಿರುವಿದಳು, ಅದು ಕಣ್ಣಿಗೆ ಬೀಳಲಿಲ್ಲ. ಇನ್ನೂ ತಿದ್ದುಪಡಿ ಇಳಿಸುತ್ತಿರುವಾಗಲೇ ದೊಡ್ಡಕ್ಕ ಬಂದಳು. ಕೊಕ್ಕರೆ ಪುಸ್ತಿಕೆ ಮಧ್ಯಾಹ್ನ ಕೊಳ್ಳುವವರ ಕೈ ಸೇರಬೇಕಿತ್ತು. "ನಿನ್ನ ಪ್ರತಿ ಕೊಡು ನೋಡೋಣ, ನಿಂದೊಂದೇ ನಂಬೋ ಹಾಗಿರೋದು," ಎಂದು ಮೇಜಿನ ಮೇಲಿದ್ದದ್ದನ್ನು ಎತ್ತಿಕೊಂಡು ಹೋದಳು. ಅದು ಅಪ್ಪ ತಿದ್ದಿದ ಮನೆಯ ಪ್ರತಿ.

ಹತ್ತು ನಿಮಿಷದಲ್ಲಿ ಕರೆ ಬಂತು. ದೊಡ್ಡಕ್ಕನ ಕೋಣೆಯಲ್ಲಿ ಐವತ್ತೆರಡನೇ ಪುಟ ಮಗುಚಿ ಬಿದ್ದಿತ್ತು. ಚೀಟಿಯ ಮೇಲೆ ದುಂಡಗಿನ ಅಕ್ಷರ: "ಪುಟ 14ರಲ್ಲಿ ಕಂಸದೊಳಗಿದ್ದ ಸಂಖ್ಯೆಯೇ ಇಲ್ಲಿ ಕಂಸವಿಲ್ಲದೆ ಬಂದಿದೆ. ಯಾವುದು ಸರಿ? ಲೇಖಕರು ದಯವಿಟ್ಟು ತಿಳಿಸಬೇಕು." ಕೆಳಗೆ ತಾರೀಖು, ಸಹಿ.

"ಇದು ನಷ್ಟ," ಎಂದಳು ದೊಡ್ಡಕ್ಕ. "ನಾವು ಲಾಭ ಅಂತ ತೋರಿಸ್ಬಿಟ್ಟಿದ್ವಿ. ನಾಲ್ಕು ಜನ ನೋಡಿದ್ದೀವಿ, ನಾನೂ ಸೇರಿ. ಇದು ಹಾಗೇ ಹೊರಗೆ ಹೋಗಿದ್ರೆ ನಮ್ಮೆಲ್ಲರ ಕಥೆ ಮುಗೀತಿತ್ತು." ಆಮೇಲೆ ದನಿ ಇಳಿಸಿ, "ಈ ಕೈಬರಹ ಯಾರದು?"

ಸುಳ್ಳು ಹೇಳಲು ಒಂದು ಕ್ಷಣ ಸಿಕ್ಕಿತ್ತು. ಆದರೆ ಅಪ್ಪನ ಸಹಿಯನ್ನು ಇನ್ನೊಬ್ಬರದೆಂದು ಹೇಳಲು ಅವಳಿಗೆ ಬಾಯಿ ಬರಲಿಲ್ಲ.

"ನಮ್ಮಪ್ಪಂದು ಮೇಡಂ."

ದೊಡ್ಡಕ್ಕ ಕಣ್ಣು ಮುಚ್ಚಿಕೊಂಡಳು. "ಅಯ್ಯೋ ಹುಚ್ಚು ಹುಡುಗಿ," ಎಂದಳು, ಬೈಗುಳವೋ ಮರುಕವೋ ತಿಳಿಯದಂತೆ. ಫೋನ್ ಎತ್ತಿಕೊಂಡಳು.

ನಿಯಮ ಪಾಲನೆಯ ಅಧಿಕಾರಿ ಮೂರನೇ ಮಹಡಿಯಲ್ಲಿ ಕೂರುತ್ತಿದ್ದರು. ಮೆತ್ತಗೆ ಮಾತಾಡುವ, ನಿವೃತ್ತಿಗೆ ಹತ್ತಿರವಾದ ಮನುಷ್ಯ. ಎಲ್ಲ ಕೇಳಿಸಿಕೊಂಡು ಒಂದು ಹೇಳಿಕೆ ತಯಾರಿಸಿದರು. ಅಪ್ಪ ಅದಕ್ಕೆ ಸಹಿ ಹಾಕಬೇಕು: ಕಾಗದ ನೋಡಿದ್ದು ನಿಜ, ಯಾರಿಗೂ ಹೇಳಿಲ್ಲ, ಮೂರನೆಯದಾಗಿ, ಸಂಸ್ಥೆ ತಮ್ಮನ್ನು ಯಾವ ಕೆಲಸಕ್ಕೂ ನೇಮಿಸಿಕೊಂಡಿಲ್ಲ, ಸಂಸ್ಥೆಯಿಂದ ಯಾವ ದುಡ್ಡೂ ಪಡೆದಿಲ್ಲ.

"ಮೂರನೇದು ಬಿಡೋಕಾಗಲ್ವಾ ಸಾರ್?"

"ಅದೇ ಮುಖ್ಯವಾದದ್ದಮ್ಮ. ಹೊರಗಿನವರ ಹತ್ರ ನಾವೇ ಮಾಡಿಸಿದ್ವಿ ಅಂತಾದ್ರೆ ಸಂಸ್ಥೆ ಮೇಲೇ ಬರುತ್ತೆ. ಯಾಕೆ, ದುಡ್ಡೇನಾದ್ರೂ ಕೊಟ್ಟಿದ್ದಾರಾ?"

"ನಾನು ಕೊಟ್ಟಿದ್ದೆ. ಆಫೀಸ್ ಕೊಡ್ತಿದೆ ಅಂತ ಹೇಳಿ."

ಅವರು ಪೆನ್ನು ಕೆಳಗಿಟ್ಟರು. "ನಾಳೆ ಹನ್ನೊಂದರೊಳಗೆ ಬೇಕು. ಇಲ್ಲದಿದ್ರೆ ನಾನು ಬೇರೆ ಥರ ಬರೀಬೇಕಾಗುತ್ತೆ. ಹಾಗೆ ಬರೆದ್ರೆ ಈ ಕ್ಷೇತ್ರದಲ್ಲಿ ಇನ್ನೆಲ್ಲೂ ನಿನ್ನ ತಗೊಳ್ಳಲ್ಲ," ಎಂದರು.

ಕೆಳಗೆ ಬಂದಾಗ ಉದ್ದಣ್ಣ ಹೇಳಿದ: "ಸಹಿ ಹಾಕೋ ಜಾಗ ತೋರ್ಸಿ ಪೆನ್ ಕೊಡು. ಓದೋಕೆ ಬಿಡ್ಬೇಡ."

"ನಮ್ಮಪ್ಪ ಹಾಲಿನ ಪ್ಯಾಕೆಟ್ ಮೇಲಿರೋದನ್ನೂ ಓದದೆ ಹಾಲು ಕಾಯಿಸೋಕೆ ಕೊಡಲ್ಲ ಕಣೋ."

ಬಸ್ಸಿನಲ್ಲಿ ಅವಳು ಇನ್ನೊಂದು ದಾರಿಯನ್ನೂ ಯೋಚಿಸಿದಳು. ಕೆಲಸ ಬಿಟ್ಟುಬಿಡುವುದು. ಅಪ್ಪನಿಗೆ ಆಫೀಸು ಮುಚ್ಚಿತೆಂದು ಹೇಳುವುದು. ಆಗ ಅಪ್ಪನ ಏಳು ತಿಂಗಳು ಅಪ್ಪನದಾಗಿಯೇ ಉಳಿಯುತ್ತದೆ. ಆದರೆ ಅದಾದ ಮೇಲೆ ಬಾಡಿಗೆ? ಇಬ್ಬರಿಗೂ ಕೆಲಸವಿಲ್ಲದ ಮನೆಯಲ್ಲಿ ಅಪ್ಪ ಮತ್ತೆ ಆ ಬೆಂಚಿನ ತುದಿಗೆ ಹೋಗಿ ಕೂರುವುದು ಕಣ್ಣಿಗೆ ಕಟ್ಟಿತು. ತನ್ನ ನಿಲ್ದಾಣ ದಾಟಿ ಎರಡು ನಿಲ್ದಾಣ ಮುಂದೆ ಹೋಗಿದ್ದಳು. ಇಳಿದು ನಡೆದು ಬಂದಳು.

"ಇನ್ನೂ ಹೊರಗೆ ಬೆಳಕಿದೆ, ಬಂದೇಬಿಟ್ಯಲ್ಲೇ! ಕೆಲಸ ಗಿಲಸ ಹೋಯ್ತಾ?" ಎಂದು ಅಮ್ಮ ನಗುತ್ತಾ ಬಾಗಿಲು ತೆಗೆದು, ಮಗಳ ಮುಖ ನೋಡಿ ನಗು ನಿಲ್ಲಿಸಿದಳು.

ಅಪ್ಪ ಮೇಜಿನ ಹತ್ತಿರ ಪೆನ್ಸಿಲ್ ಮೊನೆ ಮಾಡುತ್ತಿದ್ದರು. ಚುಕ್ಕಿ ಎರಡು ಪ್ರತಿಗಳನ್ನು ಹೊರತೆಗೆದಳು. "ಆಫೀಸಿಂದ ಒಂದು ಹೇಳಿಕೆ ಕಳಿಸಿದ್ದಾರಪ್ಪ. ನಿಮ್ಮ ಸಹಿ ಬೇಕು."

"ಓದಿ ನೋಡೋಣ ಕೂತ್ಕೊ." ಅಪ್ಪ ಒಂದು ಪ್ರತಿಯನ್ನು ತಮ್ಮ ಮುಂದೆ ಇಟ್ಟುಕೊಂಡರು, ಇನ್ನೊಂದನ್ನು ಅವಳ ಕಡೆ ಸರಿಸಿದರು. ಹಾಗಲ್ಲದೆ ಬೇರೆ ರೀತಿ ಓದುವುದು ಅವರಿಗೆ ತಿಳಿದಿರಲಿಲ್ಲ.

ಚುಕ್ಕಿ ಓದಿದಳು. ಒಂದು, ಚುಕ್ಕಿ. ಎರಡು, ಚುಕ್ಕಿ. ಅಪ್ಪನ ಪೆನ್ಸಿಲ್ ಸಾಲಿನಡಿ ನಿಧಾನವಾಗಿ ಸರಿಯುತ್ತಿತ್ತು.

"ಮೂರು, ಚುಕ್ಕಿ. ಸದರಿ ಸಂಸ್ಥೆಯು ನನ್ನನ್ನು ಯಾವುದೇ ಕೆಲಸಕ್ಕೆ ನೇಮಿಸಿಕೊಂಡಿರುವುದಿಲ್ಲ, ಅಲ್ಪವಿರಾಮ, ಮತ್ತು ಸದರಿ ಸಂಸ್ಥೆಯಿಂದ ನಾನು ಯಾವುದೇ ಹಣವನ್ನು ಪಡೆದಿರುವುದಿಲ್ಲ, ಚುಕ್ಕಿ."

ಪೆನ್ಸಿಲ್ ನಿಂತಿತು. "ಇದು ತಪ್ಪಾಗಿದೆ," ಎಂದರು ಅಪ್ಪ. "ಪಡೆದಿದ್ದೀನಲ್ಲ? ಪ್ರತಿ ತಿಂಗಳೂ ರಸೀದಿ ಇದೆ."

ಚುಕ್ಕಿ ತನ್ನ ಪ್ರತಿಯ ಅದೇ ಸಾಲಿನ ಮೇಲೆ ಬೆರಳಿಟ್ಟುಕೊಂಡಳು.

"ಇನ್ನೊಂದ್ಸಲ ಓದು."

ಇನ್ನೊಂದು ಸಲ ಓದಿದಳು. ಒಳಗೆ ನಲ್ಲಿಯ ನೀರಿನ ಸದ್ದು ನಿಂತಿತು.

"ಮೂಲದಲ್ಲಿ ಹಾಗೇ ಇದೆಯಾ?"

"ಹಾಗೇ ಇದೆ ಅಪ್ಪ."

ಅಪ್ಪ ಅವಳನ್ನು ನೋಡಲಿಲ್ಲ. ಕಾಗದದ ಮೇಲಿದ್ದ ಕಣ್ಣು ಅಲ್ಲೇ ಇತ್ತು. "ಮುಂದೆ ಓದು," ಎಂದರು. ನಾಲ್ಕನೆಯ ಸಾಲಿನಲ್ಲಿ ಒಂದು ಒತ್ತಕ್ಷರ ಬಿಟ್ಟುಹೋಗಿತ್ತು. ಅದಕ್ಕೆ ಗುರುತು ಹಾಕಿದರು. "ಪೆನ್ ಕೊಡು, ಇಂಥಾದ್ದಕ್ಕೆ ಪೆನ್ಸಿಲ್ ನಡೆಯಲ್ಲ," ಎಂದು ಕೇಳಿ ಎರಡು ಪ್ರತಿಗೂ ಸಹಿ ಹಾಕಿ, ಅವಳ ಕಡೆ ಸರಿಸಿ, ಎದ್ದು ಹೋಗಿ ಕೈ ತೊಳೆದುಕೊಂಡರು. ಅಷ್ಟೇ. ಮತ್ತೊಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಚುಕ್ಕಿಯ ಕೆಲಸ ಉಳಿಯಿತು. ಎಚ್ಚರಿಕೆಯ ಪತ್ರ ಬಂತು, ಆ ವರ್ಷದ ಬೋನಸ್ ಹೋಯಿತು, ಆರು ತಿಂಗಳು ಯಾವ ಗುಟ್ಟಿನ ಕಾಗದವನ್ನೂ ಕೈಗೆ ಕೊಡಲಿಲ್ಲ. ಅದೆಲ್ಲ ಅವಳಿಗೆ ತಾಗಲಿಲ್ಲ. ಅಪ್ಪ ಮಾರನೆಯ ದಿನವೇ ಕ್ಷೌರದಂಗಡಿಗೆ ಹೋಗಿ, "ನಾನು ಹೇಳಿದ್ನಲ್ಲ, ಅದು ಕೆಲಸ ಆಗಿರ್ಲಿಲ್ಲಪ್ಪ," ಎಂದು ತಾವಾಗಿಯೇ ಹೇಳಿ ಬಂದಿದ್ದರು. ಅದು ತಾಗಿತು.

ಅದಕ್ಕಿಂತ ಹೆಚ್ಚು ತಾಗಿದ್ದು ಮನೆಯೊಳಗಿನದು. ಹುಟ್ಟಿದಾಗಿನಿಂದ ಅವಳ ಮಾತು, ನಡೆ, ಅಕ್ಷರ ಎಲ್ಲವನ್ನೂ ತಿದ್ದುತ್ತಿದ್ದ ಮನುಷ್ಯ ತಿದ್ದುವುದನ್ನು ನಿಲ್ಲಿಸಿದರು. ದೀಪ ಆರಿಸದೆ ಬಂದರೆ ಬೈಯುತ್ತಿರಲಿಲ್ಲ, ತಾವೇ ಹೋಗಿ ಆರಿಸುತ್ತಿದ್ದರು. "ಫ್ಯಾನ್ ಹಾಕ್ಲೇನಮ್ಮ?" ಎಂದು ಕೇಳುತ್ತಿದ್ದರು. ತಮ್ಮದೇ ಮನೆಯಲ್ಲಿ, ಮಗಳನ್ನು. ಒಂದು ದಿನ ಚುಕ್ಕಿ ಪತ್ರಿಕೆಯ ತಲೆಬರಹವನ್ನು ಬೇಕೆಂದೇ ತಪ್ಪು ತಪ್ಪಾಗಿ ಗಟ್ಟಿಯಾಗಿ ಓದಿದಳು. ಅಪ್ಪ ತಲೆಯೆತ್ತಲಿಲ್ಲ. "ಹೌದಾ," ಎಂದರು.

ಮೂರು ತಿಂಗಳಾದ ಮೇಲೆ ಅಮ್ಮನೇ ಇಬ್ಬರನ್ನೂ ಎದುರುಬದುರು ಕೂರಿಸಿದಳು. "ಇದೇನು ಮನೆಯೋ ಆಸ್ಪತ್ರೆಯೋ? ಯಾರ ಹತ್ರಾನೂ ಮಾತಿಲ್ಲ ಕಥೆಯಿಲ್ಲ. ಬೈದಾಡ್ಕೊಳ್ಳಿ, ನಾನು ಸೊಪ್ಪು ತಗೊಂಡು ಬರ್ತೀನಿ."

"ನೀವು ಮಾಡಿದ್ದು ಕೆಲಸಾನೇ ಅಪ್ಪ," ಎಂದಳು ಚುಕ್ಕಿ. "ಆ ಕಂಸ ಹಿಡಿದಿದ್ದು ನೀವು. ಇಡೀ ಆಫೀಸು ಉಳಿದಿದ್ದು ಅದರಿಂದ."

"ಕೆಲಸ ನಿಜ ಕಣೇ. ಯಜಮಾನ ಸುಳ್ಳು."

"ಯಜಮಾನ ನಾನೇ ಆಗಿದ್ರೆ ಏನಾಯ್ತು?"

"ಅದೇ ಆಗಿದ್ದು." ಅಪ್ಪ ಮೇಜಿನ ಮೇಲಿನ ಧೂಳನ್ನು ಬೆರಳಿನಿಂದ ಸರಿಸಿದರು. "ಮಗಳಾಗಿ ಕೊಟ್ಟಿದ್ರೆ ಬೇಡ ಅನ್ನೋ ಹಕ್ಕು ನಂಗಿತ್ತು. ಅದನ್ನ ನನ್ನಿಂ‍ದ ಕಿತ್ಕೊಂಡೆ. ಕೊಟ್ಟಿದ್ದಕ್ಕಲ್ಲ ನಂಗೆ ಬೇಜಾರು."

ಚುಕ್ಕಿ ತುಂಬ ಹೊತ್ತು ಅತ್ತಳಂತೆ. ಆಮೇಲೆ ಮೂಗು ಒರೆಸಿಕೊಂಡು, "ಸರಿ. ಹಾಗಾದ್ರೆ ಬೇಡ ಅನ್ನಿ. ತಿಂಗಳು ತಿಂಗಳೂ ನಾನು ಕೇಳ್ತೀನಿ, ನೀವು ಬೇಡ ಅನ್ನಿ. ಸುಳ್ಳು ಮಾತ್ರ ಇನ್ನು ಹೇಳಲ್ಲ," ಎಂದಳು.

ಅದು ನಡೆಯಿತು. ಸಂಬಳ ಬಂದ ದಿನ ಅವಳು ಕೇಳುತ್ತಿದ್ದಳು, "ಬೇಕಾ ಅಪ್ಪ?" ಅವರು, "ಬೇಡ." ಬಾಡಿಗೆಯ ದುಡ್ಡು ಅಮ್ಮನ ಕೈಯಿಂದ ಹೋಗುತ್ತಿತ್ತು. ಅದು ಎಲ್ಲಿಂದ ಬಂತೆಂದು ಮೂವರಿಗೂ ಗೊತ್ತು, ಯಾರೂ ಆ ಮಾತೆತ್ತುತ್ತಿರಲಿಲ್ಲ. ಅಪ್ಪ ಕಾಲೇಜಿನ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಹುಡುಗರ ಪ್ರಬಂಧಗಳನ್ನು ತಿದ್ದಿಕೊಟ್ಟು ತಮ್ಮ ಪತ್ರಿಕೆಗೂ ಕ್ಷೌರಕ್ಕೂ ಆಗುವಷ್ಟು ದುಡಿದುಕೊಂಡರು. ವರ್ಷ ಹೋಯಿತು, ಎರಡಾಯಿತು, ನಾಲ್ಕಾಯಿತು. ಚುಕ್ಕಿಯ ಸಂಬಳ ಇನ್ನೂ ಏರಿತು. ಬೇಕಾ ಅಪ್ಪ? ಬೇಡ. ಕೆಲವು ತಿಂಗಳು ಅವರು ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೊಡುತ್ತಿದ್ದರು. ಕೆಲವು ತಿಂಗಳು ಅವಳಿಗೆ ಕೇಳಲು ಹೆದರಿಕೆಯಾಗುತ್ತಿತ್ತು. ಆದರೂ ಕೇಳುವುದನ್ನು ತಪ್ಪಿಸಲಿಲ್ಲ.

ಕಳೆದ ವರ್ಷ ಒಂದು ಬುಧವಾರ, ಬೆಳಿಗ್ಗೆ ಹನ್ನೊಂದರ ಸಭೆಯ ನಡುವೆ ಅವಳ ಫೋನ್ ನಡುಗಿತು. ಅಪ್ಪ ಆಫೀಸಿನ ಹೊತ್ತಿನಲ್ಲಿ ಕರೆಯುವವರೇ ಅಲ್ಲ. ಅವಳು ಎದ್ದು ಬಾಗಿಲಿನಾಚೆ ಓಡಿದಳು.

"ಎಲ್ಲಿದ್ದೀಯ?"

"ಆಫೀಸಲ್ಲಿ ಅಪ್ಪ. ಏನಾಯ್ತು?"

"ಏನೂ ಆಗಿಲ್ಲ. ಹಲ್ಲಿನ ಡಾಕ್ಟ್ರ ಹತ್ರ ಇದ್ದೀನಿ. ಕೆಳಗಿನವು ನಾಲ್ಕು ಹೋಗಿವೆ, ಕಟ್ಟಿಸ್ಬೇಕಂತೆ. ದುಡ್ಡು ಬೇಕು. ಇವರು ಹೇಳ್ತಿರೋದು ಕೇಳಿದ್ರೆ ಹಲ್ಲು ಕಟ್ತಾರೋ ಮನೆ ಕಟ್ತಾರೋ ಗೊತ್ತಾಗ್ತಿಲ್ಲ. ಇವತ್ತೇ ಕಳಿಸು, ನಾಳೆ ಅಂತ ರಾಗ ಎಳೀಬೇಡ. ಮತ್ತೆ ಹಾಗೆ ಓಡಿಬಂದು ಉಸಿರು ಬಿಡ್ತಾ ಮಾತಾಡ್ಬೇಡ, ನಂಗೆ ಒಂದಕ್ಷರ ಅರ್ಥ ಆಗ್ತಿಲ್ಲ."

ದೊಡ್ಡಕ್ಕ ಹೊರಬಂದಾಗ ಚುಕ್ಕಿ ಮೆಟ್ಟಿಲ ಮೇಲೆ ಕೂತಿದ್ದಳು.

"ಏನಮ್ಮಾ? ಮನೇಲಿ ಏನಾಯ್ತು?"

"ನಮ್ಮಪ್ಪ ದುಡ್ಡು ಕೇಳಿದ್ರು ಮೇಡಂ."

"ಎಷ್ಟು? ತುಂಬಾ ಬೇಕಾ? ನಾನೇನಾದ್ರೂ..."

"ಇಲ್ಲ ಮೇಡಂ. ಕೇಳಿದ್ರು. ಅಷ್ಟೇ."

ಆ ಹಲ್ಲು ಕಟ್ಟಿಸಲು ನಾಲ್ಕು ಸಲ ಹೋಗಬೇಕಿತ್ತು. ಮೂರು ಸಲ ಚುಕ್ಕಿ ಅರ್ಧ ದಿನ ರಜೆ ಹಾಕಿ ಅಪ್ಪನ ಜೊತೆ ಹೋದಳು. ನಾಲ್ಕನೆಯ ಸಲಕ್ಕೆ ಅವಳಿರಲಿಲ್ಲ, ಅಪ್ಪ ಒಬ್ಬರೇ ಹೋದರು. ದುಡ್ಡನ್ನು ಅವಳು ಮೊದಲೇ ಕಟ್ಟಿದ್ದಳು.